ಹಂಡನ ಹಿಂಗಾಲಿನ ಗೊರಸು

ನನ್ನ ಮೊಮ್ಮಗಳು ಪಲ್ಲವಿ ದನದ ಡಾಕ್ಟರಾದಳು! ನಿನ್ನೆ ಬೆಳಿಗ್ಗೆ ಫೋನು ಬಂತು. ಕೊನೆಯ ಪರೀಕ್ಷೆ ಪಾಸು, ಅದೂ ಒಳ್ಳೆಯ ನಂಬರಿನಲ್ಲಿ. ಸಂಜೆಯ ಬಸ್ಸಿಗೆ ಮನೆಗೆ ಬರುತ್ತೇನೆ ಅಂದಳು. ಇಸಳೂರಿನ ನಮ್ಮ ಸಾಲಿನಲ್ಲಿ ಹನ್ನೆರಡು ಹೊಸ ಮನೆಗಳಿವೆ. ಹನ್ನೆರಡಕ್ಕೂ ನಾನೇ ಹೋಗಿ ಸಕ್ಕರೆ ಹಂಚಿ ಬಂದೆ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ ಏನೋ, ಮೆಟ್ಟಿಲು ಹತ್ತಿದ್ದು ಇಳಿದದ್ದು ಒಂದೂ ಗೊತ್ತಾಗಲಿಲ್ಲ. ಎದುರು ಮನೆಯ ಟೀಚರಮ್ಮ ನಗುತ್ತ, "ಮನುಷ್ಯರ ಡಾಕ್ಟರಾಗಿದ್ರೆ ನಿಮ್ಮ ಮಂಡಿಗಾದ್ರೂ ಆಗ್ತಿತ್ತಲ್ಲ ಅಜ್ಜಿ" ಅಂದರು.

"ಮನಶ್ಯಾರಿಗೆ ಬಾಯಿ ಐತ್ರೀ ಅಕ್ಕೋರ, ಎಲ್ಲಿ ನೋಯ್ತೈತಿ ಅಂತ ಹೇಳತಾರ. ದನ ಹೇಳತಾವೇನು?" ಅಂದೆ.

ಅಂದವಳು ಅಲ್ಲೇ ನಿಂತೆ. ನನ್ನ ಮಾತು ನನಗೇ ತಿರುಗಿ ಬಡಿಯಿತು. ಅರವತ್ತು ವರ್ಷದ ಮೇಲಾಯಿತು, ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಸಂಗತಿ ಎದೆಯಲ್ಲಿತ್ತು. ಇಷ್ಟು ಸಂತೋಷದ ದಿನ ಅದನ್ನು ಬರೆಯುವುದೇ ಅನ್ನಬೇಡಿ. ಸಂತೋಷ ಒಳಗೆ ತುಂಬಿದ್ದಕ್ಕೇ ಅದು ಮೇಲೆ ಬಂತು.

ಪಲ್ಲವಿ ಎರಡನೇ ವರ್ಷದ ರಜೆಗೆ ಬಂದಾಗ ಹೊರಗಿನ ಕಟ್ಟೆಯ ಮೇಲೆ ಕೂತು ದೊಡ್ಡದೊಂದು ಪುಸ್ತಕ ಓದುತ್ತಿದ್ದಳು. ನಾನು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ಅವಳು ಒಂದೇ ಸಮನೆ "ಹೂಫ್, ಹೂಫ್" ಅನ್ನುತ್ತಿದ್ದಳು.

"ಏನ ಅದು, ಬಿಸಿ ಚಾ ಊದಿದಂಗ?" ಅಂದೆ.

"ಗೊರಸು ಅಜ್ಜಿ. ಇಂಗ್ಲಿಷ್‌ನಾಗ ಗೊರಸಿಗೆ ಹೂಫ್ ಅಂತಾರ."

"ನಾಯಿ ಕಾಲಿಗೂ ಅದನ?"

"ಅಲ್ಲ. ನಾಯಿ, ಬೆಕ್ಕು, ಹುಲಿದು ಅಡಿ ಮೆತ್ತಗ ಇರತೈತಿ, ಅದಕ್ಕ ಪಾ ಅಂತಾರ. ಎತ್ತು, ಕುದುರಿ, ಆಡು, ಹಿಂಗ ಕಾಲಿಗೆ ಕೊಂಬಿನಂಥ ಗಟ್ಟಿ ಚಿಪ್ಪು ಇದ್ದೋವಕ್ಕ ಹೂಫ್."

ಆ ಮಾತಿನ ಮೂಲವನ್ನೂ ಹೇಳಿದಳು. ಸಂಸ್ಕೃತದಲ್ಲಿ ಶಫ ಅಂತ ಒಂದು ಹಳೆಯ ಶಬ್ದವಿದೆಯಂತೆ, ಅದಕ್ಕೂ ಗೊರಸು ಅಂತಲೇ ಅರ್ಥ. ಶಫ, ಹೂಫ್ ಎರಡೂ ಎಷ್ಟೋ ಸಾವಿರ ವರ್ಷದ ಹಿಂದೆ ಒಂದೇ ಬೇರಿನಿಂದ ಒಡೆದ ಚಿಗುರುಗಳು ಅಂತ ತಿಳಿದವರು ಹೇಳುತ್ತಾರಂತೆ. ನನಗೆ ಖುಷಿಯಾಯಿತು. "ಅಂದ್ರ ಅವರ ಎತ್ತು, ನಮ್ಮ ಎತ್ತು ಒಂದ ದಾರಿ ತುಳದಾವು ಅನ್ನು" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಇನ್ನೊಂದು ಬಳಕೆ ಹೇಳಿದಳು. ದನವನ್ನು ಕೊಯ್ಯುವ ಮುಂಚೆ, ಇನ್ನೂ ನಡೆದಾಡುತ್ತಿರುವಾಗಲೇ ಮಾರಿದರೆ, ಗೊರಸಿನ ಮೇಲೆ ಮಾರಿದರು ಅಂತ ಆ ಭಾಷೆಯಲ್ಲಿ ಅನ್ನುತ್ತಾರಂತೆ.

ಮೊರದಲ್ಲಿ ನನ್ನ ಕೈ ನಿಂತಿತು. ನೀರು ಕುಡಿದು ಬರುತ್ತೇನೆ ಅಂತ ಒಳಗೆ ಎದ್ದು ಹೋದೆ. ನಾವು ಹಾಗೆ ಗೊರಸಿನ ಮೇಲೆ ಮಾರಿದ ಎತ್ತಿನ ಹೆಸರು ಹಂಡ.

ಬನವಾಸಿಯಿಂದ ಶಿರಸಿಗೆ ಬರುವ ಜಲ್ಲಿ ರಸ್ತೆಯ ಮೇಲೆ ಬಸ್ಸು ದಿನಕ್ಕೆ ಒಂದೋ ಎರಡೋ, ಮಿಕ್ಕದ್ದೆಲ್ಲ ಚಕ್ಕಡಿಯೇ ಓಡುತ್ತಿದ್ದ ಕಾಲ ಅದು. ಐವತ್ತೆಂಟನೇ ಇಸವಿಯೋ, ಐವತ್ತೊಂಬತ್ತೋ ಇರಬೇಕು. ಬೆಳಗಿನ ಜಾವ ಹಾಸಿಗೆಯಲ್ಲಿ ಮಲಗಿಯೇ, ರಸ್ತೆಯಲ್ಲಿ ಹೋಗುವ ಎತ್ತಿನ ನಡಿಗೆ ಕೇಳಿ ಯಾರ ಮನೆಯ ಗಾಡಿ ಅಂತ ನಾವು ಮಕ್ಕಳು ಹೇಳುತ್ತಿದ್ದೆವು. ಓದುವವರಲ್ಲಿ ನನ್ನ ವಯಸ್ಸಿನವರಿದ್ದರೆ ನಿಮ್ಮ ಕಿವಿಯಲ್ಲೂ ಆ ಟಕ್ ಟಕ್ ಇನ್ನೂ ಇದ್ದೀತು.

ನನ್ನ ತವರೂರು ಆ ರಸ್ತೆಯ ಮೇಲೇ ಇತ್ತು. ಅಪ್ಪ ಚನ್ನಬಸಪ್ಪ ಭತ್ತ ಬೆಳೆಯುತ್ತಿದ್ದ. ಸುಗ್ಗಿ ಮುಗಿದ ಮೇಲೆ ಗಾಡಿ ಬಾಡಿಗೆ ಹೊಡೆಯುತ್ತಿದ್ದ. ಒಂದು ಎತ್ತು ಕೆಂದ. ಇನ್ನೊಂದು ಬಿಳಿಯ ಮೈಮೇಲೆ ಕಪ್ಪು ಮಚ್ಚೆಯ ಹಂಡ. ನನಗೆ ಆಗ ಎಂಟೋ ಒಂಬತ್ತೋ. ಗಿರಿಜಿ ಅಂತ ಕರೆಯುತ್ತಿದ್ದರು. ಮೂರನೇ ಇಯತ್ತೆಯಲ್ಲಿದ್ದೆ, ಮುಂದೆ ಓದಲಿಲ್ಲ. ಹಂಡನಿಗೆ ದಿನಾ ಹಿಂಡಿ ತಿನ್ನಿಸುವುದು ನನ್ನ ಕೆಲಸ. ನಾನು ಬರುವುದು ಕಂಡರೆ ಕಿವಿ ಮುಂದೆ ಮಾಡುತ್ತಿದ್ದ.

ಗಾಡಿಯ ಕೆಲಸ ಶುರುವಾಗುವ ಮುಂಚೆ ಎತ್ತಿಗೆ ಲಾಳ ಹೊಡೆಸಬೇಕು. ನಮ್ಮ ಮಾತಿನಲ್ಲಿ ಅದಕ್ಕೆ ನಾಲ ಅನ್ನುತ್ತೇವೆ. ನಾಲ ಬಡಿಯಲು ಪ್ರತಿ ವರ್ಷ ಹುಸೇನ ಕಾಕಾ ಬರುತ್ತಿದ್ದ. ಪೂರ್ವದ ಕಡೆಯವನು ಅನ್ನುತ್ತಿದ್ದರು. ಹೆಗಲಿಗೆ ಗೋಣಿಚೀಲ, ಅದರೊಳಗೆ ಸುತ್ತಿಗೆ, ಇಕ್ಕಳ, ಬಾಗಿದ ಚೂರಿ. ಹತ್ತು ಹದಿನೈದು ದಿನ ನಮ್ಮೂರ ಶಾಲೆಯ ಹಿಂದಿನ ಮಾವಿನ ಮರದ ಕೆಳಗಿದ್ದು, ಸುತ್ತಲಿನ ಊರಿನ ಎತ್ತುಗಳಿಗೆಲ್ಲ ನಾಲ ಬಡಿದು ಮುಂದೆ ಹೋಗುತ್ತಿದ್ದ.

ಹಂಡನ ಕಾಲಿಗೆ ಹಗ್ಗ ಸುತ್ತಿ, ಮೆಲ್ಲಗೆ ಮಗ್ಗುಲಾಗಿ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟುತ್ತಿದ್ದ. ಚೂರಿಯಿಂದ ಗೊರಸಿನ ತಳ ಹೆರೆದರೆ ಕೊಬ್ಬರಿಯ ಚೂರಿನಂತೆ ಉದುರುತ್ತಿತ್ತು. ಆ ಚೂರುಗಳಿಗಾಗಿ ಓಣಿಯ ನಾಯಿಗಳು ಸಾಲಾಗಿ ಕಾದು ಕೂರುತ್ತಿದ್ದವು. ಎತ್ತಿನ ಗೊರಸು ಸೀಳು ಗೊರಸು. ಒಂದು ಕಾಲಿಗೆ ಎರಡು ನಾಲ, ಒಂದು ಎತ್ತಿಗೆ ಎಂಟು. ನಾನು ಹಂಡನ ತಲೆಯ ಹತ್ತಿರ ಕೂತು ಅವನ ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದೆ. ಹರಳೆಣ್ಣೆಯಲ್ಲಿ ಅದ್ದಿದ ಮೊಳೆಯನ್ನು ಹೊಡೆಯುವಾಗ ಹುಸೇನ ಕಾಕಾ ಪ್ರತಿ ಸಲ ನನಗೆ ಪಾಠ ಹೇಳುತ್ತಿದ್ದ. "ನೋಡವ್ವಾ, ಮೊಳಿ ಒಳಗ ಹೋಗಬಾರದು, ಹೊರಮಗ್ಗಲಿಗೆ ಬರಬೇಕು. ಒಳಗ ಇರೋದು ಅವನ ಜೀವ. ಹೊರಗಿಂದು ಅವನ ಚಪ್ಪಲಿ."

ಕಿತ್ತ ಹಳೆಯ ನಾಲಗಳನ್ನು ಅವನು ನನಗೇ ಕೊಡುತ್ತಿದ್ದ. "ತಗೋ, ಖಜೂರ ತಿನ್ನು." ಆಗ ಹಳೆ ಕಬ್ಬಿಣ ತೆಗೆದುಕೊಂಡು ಖರ್ಜೂರ ಕೊಡುವವನೊಬ್ಬ ಊರೂರು ತಿರುಗುತ್ತಿದ್ದ. ಈಚಲು ಚಾಪೆಯಲ್ಲಿ ಒತ್ತಿ ಕಟ್ಟಿದ ಖರ್ಜೂರದ ಮುದ್ದೆ, ಮೇಲೆ ನೊಣ, ಓಣಿಯ ತಿರುವಿನಲ್ಲೇ ಮೂಗಿಗೆ ಬರುವ ಆ ಸಿಹಿ ವಾಸನೆ. ಕೈಗೆ ಅಂಟಿದ್ದನ್ನು ಸಂಜೆಯವರೆಗೆ ನೆಕ್ಕುತ್ತಿದ್ದೆವು.

ಆ ವರ್ಷ ನಾಲ ಬಡಿದು ಐದಾರು ದಿನವಾಗಿತ್ತು. ನನ್ನ ಪಾಲಿನ ಕಬ್ಬಿಣ ಕೊಟ್ಟು, ಖರ್ಜೂರ ತಿಂದು ಮುಗಿದಿತ್ತು. ಸೋಮವಾರ ಮಧ್ಯಾಹ್ನ ಖರ್ಜೂರದವನು ಮತ್ತೆ ಬಂದ. ಪಕ್ಕದ ಮನೆಯ ಗಂಗಿ ಮುರಿದ ನೇಗಿಲ ಕುಡದ ಚೂರೊಂದನ್ನು ಕೊಟ್ಟು ಬೊಗಸೆ ತುಂಬ ತಂದು, ನಮ್ಮ ಬಾಗಿಲ ಮುಂದೆಯೇ ಕೂತು ತಿಂದಳು. ಬೀಜವನ್ನು ನನ್ನ ಕಾಲ ಹತ್ತಿರ ಉಗುಳಿದಳು.

"ದೊಡ್ಡ ಚಕ್ಕಡಿ ಮನಿಯವರು! ಕಬ್ಬಣ ಮುಗೀತೇನ ಗಿರಿಜಿ?"

"ನಮ್ಮನ್ಯಾಗ ಬೇಕಾದಷ್ಟು ಐತಿ" ಅಂದೆ.

"ಹಂಗಾರ ತಾ ನೋಡೋಣು."

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನಾವು ಉಣ್ಣುವ ಮುಂಚೆ ಅವಕ್ಕೆ ತುತ್ತು ಕೊಟ್ಟು ಬಿಡುವು ಕೊಡುವ ದಿನ. ಹಂಡ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ. ಎಡ ಹಿಂಗಾಲು ಚಾಚಿದ್ದ. ಹೊರಮಗ್ಗುಲಿನ ನಾಲದ ಒಂದು ಮೊಳೆಯ ತಲೆ ಕೂದಲೆಳೆಯಷ್ಟು ಮೇಲೆ ಬಂದಂತೆ ಕಂಡಿತು. ಸಡಿಲಾಗಿರಲಿಲ್ಲ. ಸಡಿಲಾಗಿತ್ತು ಅಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ, ಆದರೆ ಆಗಿರಲಿಲ್ಲ. ಗಾಡಿಯ ಗಾಲಿ ಕಳಚದಂತೆ ಸಿಗಿಸುವ ಕಬ್ಬಿಣದ ಕಡಾಣಿಯನ್ನು ತಂದು, ನಾಲದ ಸಂದಿಗೆ ತೂರಿಸಿ ಮೀಟಿದೆ.

ಹಂಡ ಒದೆಯಲಿಲ್ಲ. ಬೇರೆ ಯಾರಾದರೂ ಹಿಂಗಾಲಿಗೆ ಕೈ ಹಾಕಿದ್ದರೆ ಗೋಡೆಗೆ ಒಗೆಯುತ್ತಿದ್ದ. ಕತ್ತು ತಿರುಗಿಸಿ ನೋಡಿದ, ನಾನೇ ಅಂತ ಗೊತ್ತಾಗಿ ಮತ್ತೆ ಮೆಲುಕು ಹಾಕತೊಡಗಿದ. ನಾಲ್ಕನೇ ಸಲ ಮೀಟಿದಾಗ ನಾಲ ಬಂತು. ಅದರ ಜೊತೆ ಗೊರಸಿನ ಅಂಚೂ ಬೆರಳುಗುರಿನಷ್ಟು ಸಿಡಿದು ಬಂತು. ಅವನ ಮೈ ಒಮ್ಮೆ ನಡುಗಿತು. ನಾನು ಸಗಣಿ ತೆಗೆದು ಆ ಜಾಗಕ್ಕೆ ಮೆತ್ತಿದೆ.

ಖರ್ಜೂರದವನು ನಾಲ ತಿರುಗಿಸಿ ನೋಡಿ, "ಇದು ಸವದೇ ಇಲ್ಲಲ್ಲವ್ವ?" ಅಂದ.

"ನಮ್ಮಪ್ಪನ ಕೊಟ್ಟಾನ" ಅಂದೆ. ಖರ್ಜೂರವನ್ನು ಗಂಗಿಯ ಎದುರಿಗೇ ತಿಂದೆ. ಬೀಜ ಉಗುಳಿದೆ.

ಮರುದಿನ ಅಪ್ಪ ಮಂಚಿಕೇರಿಯ ತೋಟದ ಹೆಗಡೆಯವರ ಮನೆಗೆ ಅಕ್ಕಿ ಚೀಲ ಒಯ್ಯಬೇಕಿತ್ತು. ನಾನೂ ಬರುತ್ತೇನೆ ಅಂತ ವಾರದಿಂದ ಹಠ ಹಿಡಿದಿದ್ದೆ. ಈಗ ಬೇಡವಾಗಿತ್ತು, ಆದರೆ ಅಪ್ಪ ಎತ್ತಿ ಚೀಲದ ಮೇಲೆ ಕೂರಿಸಿದ. "ನಾಲ ನೋಡಿದ್ರೇನು?" ಅಂತ ಅವ್ವ ಕೇಳಿದಳು.

"ಹುಸೇನ ಬಡದ ನಾಲ ನೋಡೋದೇನೈತಿ? ಮೊನ್ನಿನೂ ಬಡದು ಹೋಗ್ಯಾನ" ಅಂದ ಅಪ್ಪ. ಅವನು ಬಗ್ಗಿ ನೋಡಿದ್ದರೆ ನಾನು ಅಲ್ಲೇ ಅತ್ತು ಎಲ್ಲ ಹೇಳುತ್ತಿದ್ದೆನೇನೋ. ಹುಸೇನನ ಮೇಲಿನ ನಂಬಿಕೆಯಿಂದ ಬಗ್ಗಲಿಲ್ಲ.

ಟಕ್ ಟಕ್ ನಡಿಗೆಯಲ್ಲಿ ಒಂದು ಹೆಜ್ಜೆ ಮಾತ್ರ ಮೆತ್ತಗೆ ಬೀಳುವುದು ನನಗೆ ಕೇಳುತ್ತಿತ್ತು. ಅಪ್ಪನಿಗೆ ಗಾಲಿಯ ಸದ್ದಿನಲ್ಲಿ ಕೇಳಲಿಲ್ಲ. ಶಿರಸಿ ದಾಟುವವರೆಗೂ ಹಂಡ ನಡೆದ. ಮಂಚಿಕೇರಿಯ ದಾರಿಯಲ್ಲಿ ಹೊಸದಾಗಿ ಜಲ್ಲಿ ಹರವಿದ್ದರು. ಕಲ್ಲಿನ ಮೊನೆ ಒಂದೊಂದೂ ಚೂರಿಯಂತೆ ಇತ್ತು. ಅಲ್ಲಿ ಅವನು ಕುಂಟತೊಡಗಿದ. ಹಿಂತಿರುಗಿ ನೋಡಿದರೆ ಬಿಳಿಯ ಜಲ್ಲಿಯ ಮೇಲೆ ಮಾರಿಗೊಂದು ಕೆಂಪು ಚುಕ್ಕೆ. ಅಪ್ಪ ಧುಮುಕಿ ಕಾಲು ಎತ್ತಿ ನೋಡಿದ. "ಅಯ್ಯೋ ನನ್ನಪ್ಪಾ" ಅಂದ. ಅಪ್ಪನ ಧ್ವನಿ ಹಾಗಾದದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

ಹೇಗೋ ಮಂಚಿಕೇರಿ ಮುಟ್ಟಿದೆವು. ಹೆಗಡೆಯವರು ಅಂಗಳಕ್ಕೆ ಬಂದು ಕಾಲು ನೋಡಿ, "ಎಂತ ಮಾರಾಯ, ಗೊರಸು ಒಡೆದು ಒಳಗೆ ಕಲ್ಲು ಹೊಕ್ಕಿದೆಯಲ್ಲ! ಲಾಳ ಹೊಡೆದದ್ದು ಯಾರು?" ಅಂದರು. ಒಳಗೆ ತಿರುಗಿ ಹೆಂಡತಿಗೆ, "ಏ, ಬೇವಿನೆಣ್ಣೆ ಬಿಸಿ ಮಾಡಿ ತಗಂಬಾ. ಆ ಕೂಸಿಗೆ ಎಂತಾರೂ ಕೊಡು, ಹಶಿವಾಗಿಕ್ಕು" ಅಂದರು. ಆ ತಾಯಿ ಬೆಲ್ಲ, ಕಾಯಿ ಕಲೆಸಿದ ಅವಲಕ್ಕಿ ಕೊಟ್ಟರು. ನಾನು ಅದನ್ನು ಪಕ್ಕಕ್ಕಿಟ್ಟು ಹಂಡನ ಹತ್ತಿರ ಹೋಗಿ ನಿಂತೆ. "ಎತ್ತಿನ ಮೇಲೆ ಎಷ್ಟು ಪ್ರೀತಿ ನೋಡಿ ಇದಕ್ಕೆ" ಅಂತ ಅವರು ನನ್ನ ತಲೆ ಸವರಿದರು. ಹೊಡೆದಿದ್ದರೆ ಚೆನ್ನಾಗಿತ್ತು.

ಗಾಡಿಗೆ ಹೂಡಲು ಹೆಗಡೆಯವರು ತಮ್ಮ ಒಂದು ಎತ್ತು ಕೊಟ್ಟರು. ಹಂಡನನ್ನು ಗಾಡಿಯ ಹಿಂದಕ್ಕೆ ಕಟ್ಟಿಕೊಂಡು ಹೊರಟೆವು. ನಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಎರಡು ದಿನದ ದಾರಿ. ಅವನ ಮುಖ ನನ್ನ ಮುಖ ಎದುರುಬದುರು. ಮೂರು ಕಾಲಿನ ಮೇಲೆ ನೆಗೆಯುತ್ತ ಬಂದ. ಗಾಡಿ ನಿಂತಾಗಲೆಲ್ಲ ಕತ್ತು ಚಾಚಿ ನನ್ನ ಕೈ ಮೂಸುತ್ತಿದ್ದ, ಹಿಂಡಿ ಇದೆಯೇನೋ ಅಂತ.

ಊರು ಮುಟ್ಟಿದ್ದೇ ಅಪ್ಪ ಹುಸೇನ ಕಾಕಾನಿಗೆ ಹೇಳಿ ಕಳಿಸಿದ. ಮಾವಿನ ಮರದ ಕೆಳಗಿನ ಕೆಲಸ ಬಿಟ್ಟು ಅವನು ಓಡಿ ಬಂದ. ನಮ್ಮ ಅಂಗಳದಲ್ಲಿ ಎಂಟು ಹತ್ತು ಜನ ಸೇರಿದ್ದರು.

"ಏನ ಮಾಡಿ ಇಟ್ಟಿ ನೋಡಪಾ" ಅಂದ ಅಪ್ಪ. "ವಾರದಾಗ ಉದುರೋ ನಾಲ ಬಡದಿ."

ಹುಸೇನ ಕಾಕಾ ಕೂತು ಹಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಬಹಳ ಹೊತ್ತು ನೋಡಿದ. "ಇದು ಬಿದ್ದ ನಾಲ ಅಲ್ರೀ ಚನ್ನಣ್ಣಾರ. ಯಾರೋ ಮೀಟಿ ಕಿತ್ತಾರ. ಇಲ್ಲಿ ಗಾಯ ನೋಡ್ರಿ."

"ನಾಲ ಕೀಳಾಕ ಕಳ್ಳ ಬರತಾನೇನು ನಮ್ಮ ಕೊಟಗಿಗೆ? ಒದೀತಾನ ಹಂಡ, ಯಾರನ್ನ ಮುಟ್ಟಗೊಡತಾನ?"

ಜನ ನಕ್ಕರು. ಹುಸೇನ ಕಾಕಾ ತಲೆ ಎತ್ತಿ ನನ್ನ ಕಡೆ ನೋಡಿದ. ಸಿಟ್ಟಿನಿಂದ ಅಲ್ಲ. ಬೇರೆ ಯಾರೂ ತನ್ನ ಮಾತು ನಂಬುವುದಿಲ್ಲ, ಇವಳಾದರೂ ಏನಾದರೂ ಕಂಡಿರಬಹುದು ಅನ್ನುವ ಹಾಗೆ. "ಅವ್ವಾ ಗಿರಿಜಾ, ನೀ ಏನರ ನೋಡಿದ್ಯೇನು?"

"ಇಲ್ಲ" ಅಂದೆ.

ಇಷ್ಟೇ. ಒಂದು ಮಾತು.

ಅವನು ಎದ್ದು ಕೈ ಒರೆಸಿಕೊಂಡ. "ಆತ್ರೀ. ನನ್ನ ತಪ್ಪು ಅನ್ನೋದಾದ್ರ ಅನ್ರಿ. ಆದ್ರ ಇವನ್ನ ಮಾರಬ್ಯಾಡ್ರಿ. ಒಣಾ ಜಾಗದಾಗ ಕಟ್ರಿ, ಆರು ತಿಂಗಳ ದುಡಸಬ್ಯಾಡ್ರಿ. ಗೊರಸು ಉಗುರಿದ್ದಂಗ, ಬೆಳೀತೈತಿ."

"ಇನ್ನ ನಿನ್ನ ಮಾತು ಕೇಳಲೇನು ನಾ?" ಅಂದ ಅಪ್ಪ.

ಅಪ್ಪ ಕೆಟ್ಟವನಲ್ಲ. ನಾನು ಹೂಂ ಅಂದಿದ್ದರೆ ಅವನು ಹುಸೇನನ ಮಾತು ನಂಬುತ್ತಿದ್ದ, ಹಂಡನನ್ನು ಕಟ್ಟಿ ಸಾಕುತ್ತಿದ್ದ. ನನಗೆ ನಾಲ್ಕು ಏಟು ಬೀಳುತ್ತಿದ್ದವು, ಅಷ್ಟೇ. ತಿಂಗಳಾಗುವುದರೊಳಗೆ ಒಬ್ಬ ಬಂದು ಹಂಡನನ್ನು ಕೊಂಡು ಹೋದ. ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕುಂಟುತ್ತ ರಸ್ತೆಗೆ ಹತ್ತಿದವನು ತಿರುವಿನಲ್ಲಿ ನಿಂತು ಹಿಂದೆ ನೋಡಿದ. ನಾನು ಬಾಗಿಲ ಮರೆಯಲ್ಲಿದ್ದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮರುವರ್ಷ ನಾಲ ಬಡಿಯಲು ಬೇರೆಯವನು ಬಂದ. ಹುಸೇನನ ಕೈ ಕೆಟ್ಟಿತು ಅನ್ನುವ ಮಾತು ನಮ್ಮ ಮನೆಯಿಂದ ಹೊರಟು ಸುತ್ತಲಿನ ಊರನ್ನೆಲ್ಲ ತಿರುಗಿತ್ತು. ಒಂದೇ ಒಂದು ಸಲ ಅವನನ್ನು ಮತ್ತೆ ಕಂಡೆ. ನನಗೆ ಹನ್ನೊಂದು ವರ್ಷ ಆಗಿತ್ತು. ಬಾವಿಯಿಂದ ನೀರು ತರುತ್ತಿದ್ದೆ. ಅವನು ರಸ್ತೆಯಲ್ಲಿ ಹೋಗುತ್ತಿದ್ದ. ಹೆಗಲ ಮೇಲೆ ಆ ಗೋಣಿಚೀಲ ಇರಲಿಲ್ಲ. ನೀರು ಕೇಳಿದ, ಬೊಗಸೆಗೆ ಹೊಯ್ದೆ. ಕುಡಿದು ಮುಖ ಒರೆಸಿಕೊಂಡು ಕೇಳಿದ. "ಹಂಡ ಹ್ಯಾಂಗದಾನವ್ವ? ಗೊರಸು ಬಂತ?"

ಮಾರಿದ ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಆರಾಮ ಅದಾನ ಕಾಕಾ" ಅಂದೆ. "ಬಂತು."

ಅವನ ಮುಖ ಅರಳಿತು. "ನಾ ಹೇಳಿದ್ದಿಲ್ಲೇನು?" ಅಂತ ನಕ್ಕು ಹೋದ. ಎರಡನೆಯ ಸುಳ್ಳು ಅದು. ಮೊದಲನೆಯದು ಏಟಿನ ಹೆದರಿಕೆಗೆ ಹೇಳಿದ್ದು. ಎರಡನೆಯದನ್ನು ಯಾಕೆ ಹೇಳಿದೆನೋ ಈಗಲೂ ತಿಳಿಯದು. ಅಪ್ಪ ಸಾಯುವತನಕ ನಾಲದ ಮಾತು ಬಂದರೆ ಹುಸೇನನನ್ನೇ ಬೈದ. ಆಗಲೂ ನಾನು ಬಾಯಿ ಬಿಡಲಿಲ್ಲ. ಖರ್ಜೂರ ಮಾತ್ರ ಅಂದಿನಿಂದ ಮುಟ್ಟಿಲ್ಲ. ಉಷ್ಣ ಆಗುತ್ತದೆ ಅಂತ ಮನೆಯವರಿಗೆ ಹೇಳಿಕೊಂಡು ಬಂದಿದ್ದೇನೆ.

ನಿನ್ನೆ ಸಂಜೆ ಪಲ್ಲವಿ ಬಂದಳು. ಕಾಲಿಗೆ ಬಿದ್ದವಳನ್ನು ಎಬ್ಬಿಸಿ ಆರತಿ ಎತ್ತಿದೆ. ಸೊಸೆ ಹೋಳಿಗೆ ಮಾಡಿದ್ದಳು. ಅಕ್ಕಿ ರೊಟ್ಟಿ, ಬದನೆಕಾಯಿ ಎಣಗಾಯಿ, ಕಟ್ಟಿನ ಸಾರು. ಮಗ, ಸೊಸೆ, ಪಲ್ಲವಿ, ಅವಳ ತಮ್ಮ ಚಿಕ್ಕು, ನಾನು, ಎಲ್ಲ ಕೂಡಿ ನೆಲದ ಮೇಲೆಯೇ ಕೂತೆವು. ಬಡಿಸಿ ಮುಗಿಯುವ ಹೊತ್ತಿಗೆ ನಾನು ಹೇಳತೊಡಗಿದ್ದೆ. ಕಡಾಣಿಯಿಂದ ಹಿಡಿದು ಬಾವಿಯ ನೀರಿನವರೆಗೆ ಎಲ್ಲ ಹೇಳಿದೆ. ಯಾರೂ ಊಟಕ್ಕೆ ಕೈ ಹಾಕಲಿಲ್ಲ.

"ನೀ ಈಗ ಡಾಕ್ಟರು" ಅಂದೆ ಪಲ್ಲವಿಗೆ. "ನಿಜ ಹೇಳು. ಆ ಗೊರಸು ಹೋಗಿತ್ತೋ, ಉಳೀತಿತ್ತೋ?"

ಅವಳು ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಲಿಲ್ಲ, ಅದಕ್ಕೇ ಅವಳ ಮೇಲೆ ನನಗೆ ಹೆಮ್ಮೆ. ನನ್ನ ಕಡೆ ತಿರುಗಿ ಅಂದಳು. "ಒಣಾ ಜಾಗದಾಗ ಕಟ್ಟಿ, ತೊಳದು ಔಷಧ ಹಚ್ಚಿ, ಆರು ತಿಂಗಳು ದುಡಸದ ಬಿಟ್ಟಿದ್ರ ಬಹುಶಃ ಉಳೀತಿತ್ತು ಅಜ್ಜಿ. ಗೊರಸು ಉಗುರಿದ್ದಂಗ. ಬೆಳೀತೈತಿ."

ಐದು ವರ್ಷ ಓದಿ ಬಂದವಳ ಬಾಯಲ್ಲಿ ಹುಸೇನ ಕಾಕಾನ ಮಾತೇ ಬಂತು.

"ಅವರ ಊರು ಯಾವುದು? ಮಕ್ಕಳು, ಮರಿ?" ಅಂತ ಮಗ ಕೇಳಿದ. ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದ, ಬಾರದೆ ಹೋದ.

ಹೋಳಿಗೆ ಮಾಡಿದ ದಿನ ಮೊದಲ ತುಂಡು ಕೊಟ್ಟಿಗೆಗೆ ಹೋಗುತ್ತಿತ್ತು. ಈಗ ನಮಗೆ ಕೊಟ್ಟಿಗೆಯೇ ಇಲ್ಲ. ಬಾಗಿಲಲ್ಲಿ ಎರಡು ಬೈಕು ನಿಂತಿವೆ. ಹೊರಗೆ ರಸ್ತೆಯಲ್ಲಿ ಇಡೀ ದಿನ ಕಿವಿಗೊಟ್ಟರೂ ಒಂದು ಗೊರಸಿನ ಸದ್ದು ಕೇಳುವುದಿಲ್ಲ. ದನದ ಡಾಕ್ಟರು ಹುಟ್ಟಿದ ಮನೆಯಲ್ಲಿ ಒಂದು ಕರುವೂ ಇಲ್ಲ. ಆದರೂ ಕೈ ಸುಮ್ಮನಿರಲಿಲ್ಲ. ನನ್ನ ತಟ್ಟೆಯ ಒಂದು ಹೋಳಿಗೆಯನ್ನು ಬಾಳೆಲೆಯ ತುಂಡಿನ ಮೇಲೆ ತೆಗೆದಿಟ್ಟೆ.

"ಯಾರಿಗೆ ಅಜ್ಜಿ?" ಅಂದ ಚಿಕ್ಕು.

"ಹಂಡಗ."

ಪಲ್ಲವಿ ತನ್ನ ತಟ್ಟೆಯ ಹೋಳಿಗೆಯನ್ನು ಅದರ ಪಕ್ಕ ಇಟ್ಟಳು. ಅದು ಯಾರಿಗೆ ಅಂತ ಯಾರೂ ಕೇಳಲಿಲ್ಲ. ಸೊಸೆ ಅವಳಿಗೂ ನನಗೂ ಮತ್ತೊಂದೊಂದು ಬಡಿಸಿ, ಮೇಲೆ ತುಪ್ಪ ಹಾಕಿದಳು. "ಆರಿ ಹೋಗತೈತಿ, ಉಣ್ರಿ ಇನ್ನ" ಅಂದಳು.

ಎಲ್ಲರೂ ಕೂಡಿ ಉಂಡೆವು.